ಕಲ್ಲಿನ ಮೇಲಿಟ್ಟ ಬಿಲ್ಲೆ

ಇಂಥ ಅನುಭವಗಳನ್ನು ಬೇರೆಯವರು ಹೇಳಿದಾಗ ಜೋರಾಗಿ ನಕ್ಕವನು ನಾನು. ಈಗ ನೀವು ನಕ್ಕರೆ ಬೇಸರವಿಲ್ಲ.

ನಾಲ್ಕು ವರ್ಷದ ಹಿಂದೆ ಮೂಗಿನೊಳಗೆ ಬೆಳೆದ ದುರ್ಮಾಂಸ ತೆಗೆಸಲು ಬಂಗಾರಪೇಟೆಯ ಒಂದು ಆಸ್ಪತ್ರೆ ಸೇರಿದೆ. ಮೂಗನ್ನಷ್ಟೇ ಮರಗಟ್ಟಿಸಿಯೂ ಮಾಡಬಹುದು, ಪೂರ್ತಿ ಪ್ರಜ್ಞೆ ತಪ್ಪಿಸಿಯೂ ಮಾಡಬಹುದು ಎಂದರು ಡಾಕ್ಟರು. ಮಲಗಿಸಿದವನು ಏಳದೇ ಹೋದರೆ? ಸೊಳ್ಳೆಬತ್ತಿ ಹಚ್ಚಿ ಮಲಗಲೂ ಹೆದರುವ ಜೀವ ನನ್ನದು. ಮೂಗಷ್ಟೇ ಸಾಕು ಎಂದು ಹಟ ಹಿಡಿದೆ. ಪೂರ್ತಿ ಮತ್ತು ಕೊಡಲು ಬಿಡುವುದಿಲ್ಲ ಎಂದು ಹೆಂಡತಿ ಸರೋಜಳಿಂದಲೂ ಮಾತು ತೆಗೆದುಕೊಂಡೆ.

ನಮ್ಮಪ್ಪ ಚಾಂಪಿಯನ್ ರೀಫ್ಸ್‌ನಲ್ಲಿ ಚಿನ್ನದ ಗಣಿಗೆ ಇಳಿಯುತ್ತಿದ್ದವರು. ಇಳಿಯುವ ಮುನ್ನ ನಂಬರ್ ಕೊರೆದ ಹಿತ್ತಾಳೆ ಬಿಲ್ಲೆಯನ್ನು ಮೇಲೆ ಕೊಟ್ಟು, ಹತ್ತಿ ಬಂದ ಮೇಲೆ ವಾಪಸ್ ಪಡೆಯಬೇಕು. ಬಿಲ್ಲೆ ಅಲ್ಲೇ ಉಳಿದಿದ್ದರೆ ಆಳು ಇನ್ನೂ ಕೆಳಗಿದ್ದಾನೆ ಎಂದರ್ಥ. ಗಣಿ ಮುಚ್ಚಿದ ಮೇಲೆ ಆ ಬಿಲ್ಲೆ ನಮ್ಮ ಮನೆಗೆ ಬಂತು. ಮನೆಯವರು ಯಾರು ಆಪರೇಷನ್‌ಗೆ ಹೋದರೂ ಹೊರಗೊಬ್ಬರು ಅದನ್ನು ಹಿಡಿದು ಕೂರಬೇಕು. ಒಳಗಿದ್ದವರು ಬರುವವರೆಗೆ ಕೆಳಗಿಡುವಂತಿಲ್ಲ. ಅವತ್ತು ಆಪರೇಷನ್ ಕೋಣೆಯ ಬಾಗಿಲಲ್ಲಿ ಅದನ್ನು ಸರೋಜಳ ಕೈಗೆ ಕೊಟ್ಟೆ.

"ಏನೂ ಆಗಲ್ಲ, ಓಗ್ರಿ. ನಾನು ಇಲ್ಲಿಂದ ಅಲ್ಲಾಡಲ್ಲ," ಎಂದಳು.

ಟೇಬಲ್ಲಿನ ಮೇಲೆ ಕೈಕಾಲು ನಡುಗಿದ್ದು ನೆನಪಿದೆ. ನರ್ಸ್ ಹೊರಗೆ ಹೋಗಿ ಬಂದರು. ಕೈಗೊಂದು ಸೂಜಿ ಚುಚ್ಚಿದರು. ಆಮೇಲೆ ಕತ್ತಲು. ಆ ಕತ್ತಲಲ್ಲಿ, ಕಲ್ಲಿಗೆ ಲೋಹ ತಗುಲಿದಂತೆ ಟಣ್ ಎಂಬ ಸದ್ದು. ಹಿಂದೆಯೇ ಸರೋಜಳ ದನಿ:

"ನಡುಗ್ತಾವ್ರೆ, ಬಿಪಿ ಏರೈತೆ ಅಂದ್ರು. ಪೂರ್ತಿ ಮತ್ತಿನ ಇಂಜೆಕ್ಷನ್ನೇ ಕೊಡಿ ಅಂತ ಸೈನ್ ಆಕ್ಬುಟ್ಟೆ. ನಿಮ್ಮ ಭಾವಂಗೆ ಯೋಳ್ಬ್ಯಾಡ ಕಣ್ಲಾ."

"ಯೋಳಲ್ಲ ಬಿಡಕ್ಕ. ಟೀ ಆರೋಯ್ತದೆ, ಕುಡಿ." ಅದು ಅವಳ ತಮ್ಮನ ದನಿ.

ಕಣ್ಣು ಬಿಟ್ಟಾಗ ಬಿಲ್ಲೆ ಸರೋಜಳ ಮುಷ್ಟಿಯಲ್ಲೇ ಇತ್ತು. "ಮೂಗಷ್ಟೇ ಮರಗಟ್ಟಿಸಿದ್ದು ಕಣ್ರೀ. ನೀವು ಎದರ್ಕೊಂಡು ನಿದ್ದೆ ಓಗ್ಬುಟ್ರಿ. ನಾನಿಲ್ಲೇ ಕುಂತಿದ್ದೆ."

ಮೂಗಿನ ತುಂಬ ಬಟ್ಟೆ ತುರುಕಿದ್ದರು. ಗೊಗ್ಗರು ದನಿಯಲ್ಲೇ ಕೇಳಿದೆ: "ಟೀ ಎಂಗಿತ್ತು?"

ಅವಳ ಮುಖ ಬಿಳಿಚಿತು. ತಮ್ಮ ಮೆಲ್ಲಗೆ ಬಾಗಿಲಾಚೆ ಸರಿದ.

ಮೂಗಿನ ಬಟ್ಟೆ ತೆಗೆಸಲು ಹೋದ ದಿನ ಆಸ್ಪತ್ರೆ ಎದುರಿನ ಟೀ ಅಂಗಡಿಯನ್ನು ನೋಡಿ ಬಂದೆ. ಮುಂದೊಂದು ಕಲ್ಲುಚಪ್ಪಡಿಯಿತ್ತು. ಆದರೆ ಅಂಗಡಿಗೂ ಆಪರೇಷನ್ ಕೋಣೆಗೂ ನಡುವೆ ಮೂರು ಬಾಗಿಲು, ಬಸ್ಸುಗಳು ಓಡಾಡುವ ಒಂದು ರಸ್ತೆ. ತಮ್ಮನೇ ಹೇಳಿರಬೇಕೆಂದು ಸರೋಜಳಿಗೆ ಇಂದಿಗೂ ಅನುಮಾನ. ಅವನೋ ಅಮ್ಮನ ಮೇಲೆ ಆಣೆ ಇಡುತ್ತಾನೆ. ಮೂಗು ಈಗ ಚೆನ್ನಾಗಿದೆ. ಕಿವಿಯ ವಿಷಯ ಡಾಕ್ಟರನ್ನು ಕೇಳುವ ಧೈರ್ಯವಾಗಿಲ್ಲ.

ಅವಳು ಸೈನ್ ಹಾಕಿದ್ದನ್ನು ಎಂದೋ ಮರೆತೆ. ನಡುಗುವವನ ಮೂಗಿಗೆ ಯಾರು ತಾನೆ ಕತ್ತರಿ ಹಾಕುತ್ತಾರೆ? ಆದರೆ ಆ ಟಣ್ ಸದ್ದು ಹೋಗಿಲ್ಲ. ನಾನಿನ್ನೂ ಕೆಳಗಿದ್ದೆ, ಅವಳು ಬಿಲ್ಲೆಯನ್ನು ಕಲ್ಲಿನ ಮೇಲಿಟ್ಟು ಟೀ ಲೋಟ ಹಿಡಿದಿದ್ದಳು.