ಬಿಸಿ ಮಾಡಿಟ್ಟ ಬಾಯ್ಲರ್

ಬಟ್ಟೆ ಕಾರ್ಖಾನೆಯಲ್ಲಿ ಅವಳ ಕೆಲಸ ತಪ್ಪು ಹುಡುಕುವುದು. ಹೊಲಿದು ಮುಗಿಸಿದ ಅಂಗಿ ಅವಳ ಮೇಜಿಗೆ ಬಂದರೆ ಮೊದಲು ಒಳಮಗ್ಗುಲನ್ನು ಹೊರಕ್ಕೆ ಮಾಡುತ್ತಾಳೆ. ಹೊರಗಿನ ಹೊಲಿಗೆಯನ್ನು ಎಲ್ಲರೂ ನೆಟ್ಟಗೇ ಹಾಕುತ್ತಾರೆ, ಕಳ್ಳತನವೆಲ್ಲ ಒಳಗೆ. ಅವಳು ವಾಪಸು ಎಸೆದ ಅಂಗಿಗಳನ್ನು ಬಿಚ್ಚಿ ಹೊಲಿದು ಹೊಟ್ಟೆ ಉರಿದುಕೊಂಡವರು ಇಟ್ಟ ಹೆಸರು ತಕರಾರಮ್ಮ. ಆ ಹೆಸರು ಕಾರ್ಖಾನೆಯ ಗೇಟು ದಾಟಿ ಮನೆಗೂ ಬಂತು, ಸ್ವಂತ ಅಣ್ಣನೂ ಈಗ ಹಾಗೇ ಕರೆಯುತ್ತಾನೆ. ಅವಳಿಗೇನೂ ಬೇಸರವಿಲ್ಲ. ಮೆಚ್ಚಿಕೊಂಡು ತಲೆದೂಗಲು ಅವಳಿಗೆ ಯಾರೂ ಸಂಬಳ ಕೊಡುತ್ತಿಲ್ಲ.

ಮದುವೆಯಾಗಲಿಲ್ಲ. ಅಣ್ಣ ಅತ್ತಿಗೆಯ ಜೊತೆ ಬಾಡಿಗೆ ಮನೆಗಳಲ್ಲೇ ಕೂದಲು ಬೆಳ್ಳಗಾಯಿತು. ಕ್ಯಾಲೆಂಡರ್ ನೇತುಹಾಕಲು ಒಂದು ಮೊಳೆ ಹೊಡೆದರೂ ಮನೆಯೊಡತಿ ಮೇಲಿನಿಂದ ಇಳಿದು ಬಂದು ಗೋಡೆ ಸವರಿ ನೋಡುತ್ತಿದ್ದಳು. ತನ್ನದೇ ಒಂದು ಗೋಡೆ ಬೇಕು, ಅದಕ್ಕೆ ಮನಸ್ಸು ತುಂಬುವಷ್ಟು ಮೊಳೆ ಹೊಡೆಯಬೇಕು ಅನ್ನುವುದು ತಕರಾರಮ್ಮನ ಆಸೆ. ಅಣ್ಣನ ಉಳಿತಾಯಕ್ಕೆ ಅವಳದ್ದು ಸೇರಿದರೆ ಮಾತ್ರ ಹಳೇದೊಂದು ಮನೆ ಬರುತ್ತದೆ. ಹುಡುಕಿ ಹುಡುಕಿ ಚಪ್ಪಲಿ ಸವೆದ ಮೇಲೆ ಸಿಕ್ಕಿದ್ದು ಆ ಮೂಲೆಮನೆ.

ಮನೆ ಕೊಳ್ಳುವವರನ್ನು ನೀವೂ ನೋಡಿದ್ದೀರಿ. ಗೋಡೆಯ ಬಣ್ಣಕ್ಕೆ ಮರುಳಾಗುತ್ತಾರೆ. ಅಡುಗೆಮನೆಯ ಕಪಾಟಿನ ಬಾಗಿಲು ತೆರೆದು ಮುಚ್ಚಿ, ತೆರೆದು ಮುಚ್ಚಿ, ಏನೋ ಮಹಾ ಪರೀಕ್ಷೆ ಮಾಡಿದವರಂತೆ ಹೂಂ ಅನ್ನುತ್ತಾರೆ. ಗೋಡೆಯೊಳಗಿನ ತಂತಿ ಯಾವ ಕಾಲದ್ದು ಅಂತ ಕೇಳುವುದಕ್ಕೆ ಮಾತ್ರ ನಾಚಿಕೆ. ಮಾರುವವನಿಗೆ ಎಲ್ಲಿ ನೋವಾಗುತ್ತದೋ ಅನ್ನುವ ಸಂಕೋಚ! ಆ ಸಂಕೋಚವನ್ನೇ ಉಂಡು ಕೊಬ್ಬಿದ ಜನ ಇದ್ದಾರೆ. ಮೂಲೆಮನೆಯ ಯಜಮಾನ ಅಂಥವನು.

ಮೊದಲ ಸಲ ಹೋದಾಗ ತಕರಾರಮ್ಮನೂ ಸೋತಳು. ಹಿಂದಿನ ಕೋಣೆಯ ದೊಡ್ಡ ಕಿಟಕಿ, ಅದರ ಪಕ್ಕ ಖಾಲಿ ಗೋಡೆ. ಎಲ್ಲಿ ಯಾವ ಮೊಳೆ ಅಂತ ಕಣ್ಣಲ್ಲೇ ಹೊಡೆದು ಮುಗಿಸಿದಳು. ಬಚ್ಚಲಲ್ಲಿ ಗೋಡೆಗೆ ಕೂರಿಸಿದ ಹಳೇ ಕರೆಂಟಿನ ಬಾಯ್ಲರ್, ಹೊಟ್ಟೆ ಉಬ್ಬಿದ ತಾಮ್ರದ ಹಂಡೆ. ಯಜಮಾನ ಅದರ ಹಿತ್ತಾಳೆ ನಲ್ಲಿ ತಿರುಗಿಸಿ ತೋರಿಸಿದ. ಹೊಗೆಯಾಡುವ ಬಿಸಿನೀರು ಬಂತು.

"ಎಂಥ ಬಿಸಿ!" ಅಂದಳು ಅತ್ತಿಗೆ, ಆಗಲೇ ಮಿಂದು ಬಂದವಳಂತೆ.

"ನಾನು ಈ ಮನೆಗೆ ಬಂದಾಗಿಂದ ಒಂದು ಸಲಾನೂ ಫ್ಯೂಸ್ ಹೋಗಿಲ್ಲ ಕಣಮ್ಮ," ಅಂದ ಯಜಮಾನ. ಎಲ್ಲರೂ ತಲೆದೂಗಿದರು.

ಮಾತು ಕೊಡಲು ಎರಡನೇ ಸಲ ಹೋದರು. ಆ ದಿನ ಅತ್ತಿಗೆ ಬರಲಿಲ್ಲ. ಅಣ್ಣ ಇಸ್ತ್ರಿ ಅಂಗಿ ಹಾಕಿಕೊಂಡಿದ್ದ. ದಲ್ಲಾಳಿ ಜೇನುಬಾಯಿ ಬಾಗಿಲಲ್ಲೇ ಕಾದಿದ್ದ. ಅವನ ಮಾತು ಕೇಳಿದರೆ ಕಿವಿ ಅಂಟಾಗುತ್ತದೆ. ಯಜಮಾನನ ಸೊಸೆ ಚಹಾ ಕೊಟ್ಟಳು. ಮಾತಾಡದ ಹೆಂಗಸು. ಗಂಡ ದೂರದ ಕೆಲಸದಲ್ಲಿ, ಮನೆಯ ದುಡಿತವೆಲ್ಲ ಅವಳ ಮೇಲೆ. ಕುಡಿದಿಟ್ಟ ಲೋಟಗಳನ್ನು ತೊಳೆಯಲು ಬಚ್ಚಲಿಗೆ ಹೋದಳು, ತಕರಾರಮ್ಮ ಕೈ ತೊಳೆಯುವ ನೆಪದಲ್ಲಿ ಹಿಂದೆಯೇ ಹೋದಳು.

ಸೊಸೆ ಬಚ್ಚಲ ಹೊಸ್ತಿಲಲ್ಲಿ ರಬ್ಬರ್ ಚಪ್ಪಲಿ ಮೆಟ್ಟಿದಳು. ನಲ್ಲಿಯ ಮುಂದೆ ಹಾಸಿದ್ದ ಮರದ ಹಲಗೆಯ ಮೇಲೆ ನಿಂತಳು. ಆಮೇಲೆ ನಲ್ಲಿಯನ್ನು ಹಿಡಿಯಲಿಲ್ಲ. ಬೆರಳುಗಳ ಹಿಂಬದಿಯಿಂದ ಒಮ್ಮೆ ಸೋಕಿಸಿ ಸರಕ್ಕನೆ ಹಿಂದೆಳೆದುಕೊಂಡಳು. ಗುರುತಿಲ್ಲದ ನಾಯಿಯನ್ನು ಮುಟ್ಟುವವರ ಹಾಗೆ. ಏನೂ ಆಗಲಿಲ್ಲ. ಆಗ ತಿರುಗಿಸಿದಳು.

ತಕರಾರಮ್ಮನ ಕಣ್ಣು ಬಾಯ್ಲರಿನ ಗುಂಡಿಯ ಮೇಲೆ ಹೋಯಿತು. ಆರಿಸಿತ್ತು. ನೀರು ಮಾತ್ರ ಅವತ್ತೂ ಕುದಿಯುವಷ್ಟು ಬಿಸಿ, ಇವರು ಬರುವ ಮೊದಲೇ ಕಾಯಿಸಿ ಆರಿಸಿಟ್ಟದ್ದು. ಆರಿದ್ದಕ್ಕೇ ಹೀಗೆ ಹೆದರುವವಳು ಉರಿಯುವಾಗ ಏನು ಮಾಡುತ್ತಾಳೆ?

"ಏನಮ್ಮ, ಕರೆಂಟು ಹೊಡೆಯತ್ತಾ?" ಅಂದಳು ಮೆಲ್ಲಗೆ.

ಸೊಸೆ ಲೋಟದಿಂದ ತಲೆ ಎತ್ತಲಿಲ್ಲ. "ಅಭ್ಯಾಸ ಆಗಿದೆ," ಅಂದಳು.

ಆ ಎರಡು ಪದ ಕೇಳಿ ತಕರಾರಮ್ಮನಿಗೆ ಮೈಯೆಲ್ಲ ಉರಿಯಿತು. ಬಗ್ಗಿ ಬಾಯ್ಲರಿನ ಹಿಂದೆ ನೋಡಿದಳು. ಹಸಿರು ತಂತಿಯೊಂದು ತುಂಡಾಗಿ ಗಾಳಿಯಲ್ಲಿ ನೇತಾಡುತ್ತಿತ್ತು. ಅದು ನೆಲಕ್ಕೆ ಹೋಗಬೇಕಾದ ತಂತಿ, ಸೋರಿದ ಕರೆಂಟು ಮನುಷ್ಯರ ಮೈಗೆ ಬರದಂತೆ ತಡೆಯುವ ತಂತಿ ಅನ್ನುವುದು ಅಲ್ಲಿದ್ದ ಗಂಡಸರಿಗೆಲ್ಲ ಗೊತ್ತಿದ್ದ ಸಂಗತಿಯೇ. ಬಗ್ಗಲು ಸೊಂಟ ಬೇಕಿತ್ತು ಅಷ್ಟೇ.

ಹಜಾರಕ್ಕೆ ಬಂದು ನಿಂತಳು. "ಬಾಯ್ಲರ್ ಹಾಕಿ ತೋರಿಸಿ."

ಜೇನುಬಾಯಿ ನಕ್ಕ. "ಅಕ್ಕಾ, ಬಿಸಿ ಆಗಿರೋದನ್ನ ಮತ್ತೆ ಯಾಕೆ ಬಿಸಿ ಮಾಡ್ಬೇಕು? ಬೆಂದ ಅನ್ನಾನ ಯಾರಾದ್ರೂ ಮತ್ತೆ ಬೇಯಿಸ್ತಾರಾ?"

"ಹಳಸಿದ್ಯೋ ಏನೋ ನೋಡ್ಬೇಕಲ್ಲ. ಹಾಕಿ."

"ತಕರಾರು ಶುರು," ಅಂತ ಅಣ್ಣ ಹಲ್ಲು ಕಚ್ಚಿದ. "ಅವರು ಸುಳ್ಳು ಹೇಳ್ತಾರೇನೇ? ಫ್ಯೂಸೇ ಹೋಗಿಲ್ಲ ಅಂದ್ರಲ್ಲ!"

"ಅದಕ್ಕೇ ಭಯ," ಅಂದ ತಕರಾರಮ್ಮ, ಸೊಸೆ ನಲ್ಲಿ ಸೋಕಿದ ರೀತಿಯನ್ನು ಬೆರಳು ಮಡಚಿ ಅಣ್ಣನಿಗೆ ತೋರಿಸಿದಳು.

ಬಚ್ಚಲಿಗೆ ಹೋಗಿ ಗುಂಡಿಯನ್ನು ಅವಳೇ ಒತ್ತಿದಳು. ಕೆಂಪು ದೀಪ ಹತ್ತಿತು. "ಈಗ ಯಜಮಾನ್ರು ಆ ಹಲಗೆ ಸರಿಸಿ ಬರಿಗಾಲಲ್ಲಿ ನಿಂತು ನಲ್ಲಿ ತಿರುಗಿಸ್ಲಿ. ನೀರು ಬಂದ ಕ್ಷಣಕ್ಕೆ ಮನೆ ತಗೊಂಡ್ವಿ ಅಂತ ತಿಳ್ಕೊಳ್ಳಿ."

ಬಚ್ಚಲ ಬಾಗಿಲಲ್ಲಿ ಎಲ್ಲರೂ ನಿಂತರು. ಯಜಮಾನ ತನ್ನ ಪಾದಗಳನ್ನು ನೋಡಿಕೊಂಡ. "ನನಗೆ ಮೊಣಕಾಲು ನೋವು," ಅಂದ. ನಲ್ಲಿ ತಿರುಗಿಸುವುದಕ್ಕೆ ಮೊಣಕಾಲು ಎಲ್ಲಿಂದ ಬಂತು ಎಂದು ಯಾರೂ ಕೇಳಲಿಲ್ಲ. ಆಮೇಲೆ ಅವನು ಮಾಡಿದ್ದನ್ನು ಬರೆಯಲು ನನಗೆ ಈಗಲೂ ಕೈ ಬಿಸಿಯಾಗುತ್ತದೆ. ಸೊಸೆ ಲೋಟ ಇಡಲು ಹೋಗಿದ್ದ ಅಡುಗೆಮನೆಯ ಕಡೆ ತಿರುಗಿ ಕೂಗಿದ: "ಏಯ್, ಬಾರೇ ಇಲ್ಲಿ. ಚಪ್ಪಲಿ ಬಿಟ್ಟು ನಲ್ಲಿ ತಿರುಗಿಸಿ ತೋರಿಸು."

ಮನೆಗೆ ಸುಣ್ಣ ಬಳಿಸಿದ್ದ ಮನುಷ್ಯ ಇವನು. ಕಿಟಕಿಗೆ ಬಣ್ಣ, ಗೇಟಿಗೆ ಎಣ್ಣೆ, ಕೊಳ್ಳುವವರ ಕಣ್ಣಿಗೆ ಬೀಳುವ ಎಲ್ಲದಕ್ಕೂ ಕೈ ಬಿಚ್ಚಿದ್ದ. ಮನೆಯ ಹೆಂಗಸು ದಿನಾ ಬೆಳಗ್ಗೆ ಜೀವ ಕೈಯಲ್ಲಿ ಹಿಡಿದು ಸ್ನಾನ ಮಾಡುವುದು ಅವನ ದುರಸ್ತಿಯ ಲೆಕ್ಕಕ್ಕೇ ಬರಲಿಲ್ಲ.

ಸೊಸೆ ರಬ್ಬರ್ ಚಪ್ಪಲಿಯಲ್ಲೇ ಬಂದಳು. ಚಪ್ಪಲಿ ಬಿಡಲು ಕಾಲೆತ್ತಿದಳು. ತಕರಾರಮ್ಮ ಅವಳ ರಟ್ಟೆ ಹಿಡಿದಳು. "ನೀನು ಬೇಡ."

ಸೊಸೆ ಆ ಕೈ ಬಿಡಿಸಿಕೊಂಡಳು. ನಲ್ಲಿಯ ಕಡೆ ಹೋಗಲಿಲ್ಲ. ಹಜಾರ ದಾಟಿ ಮೀಟರ್ ಹಲಗೆಯ ಹತ್ತಿರ ಹೋಗಿ ಮೇನ್ ಆರಿಸಿದಳು, ಪಿಂಗಾಣಿಯ ಫ್ಯೂಸನ್ನು ಕಿತ್ತು ತಂದು ಮೇಜಿನ ಮೇಲೆ ಟಪ್ಪನೆ ಇಟ್ಟಳು. ಕೂದಲೆಳೆಯಂಥ ತಂತಿ ಇರಬೇಕಾದ ಕಡೆ ಬಟ್ಟೆ ಒಣಹಾಕುವಂಥ ತಂತಿ ಸುತ್ತಿತ್ತು. ಮನೆ ಸುಟ್ಟುಹೋದರೂ ಅದು ಕರಗುತ್ತಿರಲಿಲ್ಲ.

"ಇದೇ ಮಾವ, ಒಂದು ಸಲಾನೂ ಹೋಗದ ಫ್ಯೂಸು," ಅಂದಳು. "ರಿಪೇರಿಯವನು ಬರೋ ತನಕ ಎಲ್ಲಾರೂ ತಣ್ಣೀರಲ್ಲಿ ಸ್ನಾನ ಮಾಡಿ." ಫ್ಯೂಸನ್ನು ಮತ್ತೆ ಎತ್ತಿಕೊಂಡು, ಸೆರಗಿನಲ್ಲಿ ಗಂಟು ಕಟ್ಟಿ, ಒಳಗೆ ಹೋದಳು.

ಜೇನುಬಾಯಿ ಖಾಲಿ ಮೇಜನ್ನು ಕರವಸ್ತ್ರದಿಂದ ಒರೆಸಿದ. "ಹಳೇ ಮನೆ ಅಂದ್ಮೇಲೆ ಇವೆಲ್ಲ ಇದ್ದಿದ್ದೇ," ಅಂದ. ತಕರಾರಮ್ಮ ಹಿಂದಿನ ಕೋಣೆಯ ಗೋಡೆಯನ್ನು ಇನ್ನೊಮ್ಮೆ ನೋಡಿದಳು. ಎಂಥ ಗೋಡೆ!

"ತಂತಿ, ಬಾಯ್ಲರ್ ಎಲ್ಲಾ ಬದಲಾಯಿಸಿ. ಆಮೇಲೆ ನಿಮ್ಮ ಸೊಸೆ ಬಂದು ಕರೀಲಿ, ನೀವಲ್ಲ. ಬರ್ತೀವಿ."

"ನಿಮ್ಮಂಥವರು ನೂರು ಜನ ಬರ್ತಾರೆ," ಅಂದ ಯಜಮಾನ.

"ಬರ್ಲಿ. ಬರಿಗಾಲಲ್ಲಿ ಬರ್ಬೇಡಿ ಅಂತ ಹೇಳಿಡಿ."

ದಾರಿಯುದ್ದಕ್ಕೂ ಅಣ್ಣ ಬೈದ. ಅವಳಿಂದಾಗಿ ಮದುವೆಮನೆಯಲ್ಲೂ ಊಟ ದಕ್ಕುವುದಿಲ್ಲ, ಅವಳ ಕಣ್ಣು ಬಿದ್ದದ್ದೆಲ್ಲ ಹರಿಯುತ್ತದೆ, ಇನ್ನು ಸಾಯುವ ತನಕ ಬಾಡಿಗೆ ಮನೆಯೇ ಗತಿ. ಕೊನೆಯದು ನಿಜವಿರಬಹುದು ಎಂದು ಅವಳಿಗೂ ಅನ್ನಿಸಿತು. ದಿನಗಳು ಕಳೆದವು. ಯಾರೂ ಬಂದು ಕರೆಯಲಿಲ್ಲ. ಮೂಲೆಮನೆ ಬೇರೆ ಯಾರದೋ ಪಾಲಾಯಿತು ಅಂತ ಜೇನುಬಾಯಿಯೇ ಬಂದು ಹೇಳಿಹೋದ. ಯಜಮಾನ ತಂತಿ ಬದಲಾಯಿಸಿದನೇ ಎಂದು ಕೇಳಿದ್ದಕ್ಕೆ ಬೇರೆ ಮನೆಯ ಮಾತು ತೆಗೆದ.

ಜೇನುಬಾಯಿ ಬಂದುಹೋದ ದಿನ ಸಂಜೆ ಅಣ್ಣ ಮುಖ ಊದಿಸಿಕೊಂಡೇ ಬಚ್ಚಲಿಗೆ ಹೋದ. ತಕರಾರಮ್ಮ ಬಟ್ಟೆ ಮಡಚುತ್ತಾ ತೆರೆದ ಬಾಗಿಲಿನ ಕಡೆ ನೋಡಿದಳು. ನಲ್ಲಿಗೆ ಕೈ ಹಾಕಿದ ಅಣ್ಣ ತಡೆದ. ಬೆರಳು ಮಡಚಿ, ಹಿಂಬದಿಯಿಂದ ಒಮ್ಮೆ ಸೋಕಿಸಿ, ಸರಕ್ಕನೆ ಎಳೆದುಕೊಂಡ. ತಿರುಗಿದರೆ ತಂಗಿಯ ಕಣ್ಣು.

"ಏನೇ ನೋಡ್ತೀಯಾ?"

"ಏನಿಲ್ಲ, ಧೈರ್ಯವಾಗಿ ತಿರುಗಿಸು. ಇದು ಬಾಡಿಗೆ ಮನೆ. ಇಲ್ಲಿ ನೀರೇ ಬರಲ್ಲ."