ಶುಂಠಿಕಿವಿಯ ಶಿರಸ್ತ್ರಾಣ

ಆ ಗುರುವಾರ ಸಂಜೆಯೂ ಮೊದಲು ಸತ್ತವನು ಶುಂಠಿಕಿವಿಯೇ. ಹಾಳುಬಿದ್ದ ಆಸ್ಪತ್ರೆಯೊಂದರ ಮೆಟ್ಟಿಲ ಮೇಲೆ ಹೊಂಚು ಹಾಕಿ ಕೂತಿದ್ದವನ ಕುತ್ತಿಗೆಗೆ ಎಡಗಡೆಯಿಂದ ಬಂದ ಯಾವನೋ ಚೂರಿ ಇಳಿಸಿದ. ಹೆಣದ ಮೇಲೆ ನಿಂತು ಒಂದು ಕುಣಿತ ಕುಣಿದ. ಬಂದೂಕು, ಗುಂಡು, ಔಷಧಿ ಪೆಟ್ಟಿಗೆ ಎಲ್ಲವನ್ನೂ ಬಾಚಿಕೊಂಡು ಹೋದ. ಟಿವಿ ಪರದೆಯ ತುಂಬ ರಕ್ತ ಇಳಿಯಿತು. ಹಜಾರದ ಸೋಫಾದಲ್ಲಿದ್ದ ಶುಂಠಿಕಿವಿ ಕಂಟ್ರೋಲರನ್ನು ಮಡಿಲಿಗೆ ಹಾಕಿಕೊಂಡು, ತನ್ನದೇ ಶವವನ್ನು ನೋಡುತ್ತ ನಿಟ್ಟುಸಿರುಬಿಟ್ಟ.

"ಸತ್ತ್ಯಾ?" ಮಲಗುವ ಕೋಣೆಯಿಂದ ಹೆಂಡತಿ ಗುಡುಗಿದಳು. "ಮತ್ತೆ ಸತ್ತ್ಯಾ?"

"ಅಳಿಯಂದ್ರು ಹೋಗ್ಬಿಟ್ರಾ?" ಹಿಂದಿನ ಕೋಣೆಯಿಂದ ಅತ್ತೆಯ ಮೆತ್ತನೆಯ ದನಿ. "ಪಾಪ, ಒಳ್ಳೆಯವರಿದ್ರು. ಇರು ಮಗಳೇ, ನೀರಿನ ಟ್ಯಾಂಕ್ ಮೇಲೆ ಒಬ್ಬ ನಿಂತಿದಾನೆ. ಅವನ ಬುರುಡೆ ಹಾರಿಸಿ ಮಾತಾಡ್ತೀನಿ."

ಮನೆ ಒಂದು, ಕೋಣೆ ಮೂರು, ಪರದೆ ಮೂರು, ಸೈನ್ಯ ಒಂದು. ದಳಪತಿ ಹೆಂಡತಿ. ಬೀದಿ ಮೂಲೆಯ ಕೋಳಿ ಅಂಗಡಿ ಅವಳದು. ಬೆಳಗಿನಿಂದ ಕೊಯ್ದು, ಸುಲಿದು, ತುಂಡರಿಸಿ, ಸಂಜೆ ಕೈ ತೊಳೆದು ಮನೆಗೆ ಬಂದರೂ ಅವಳ ಕೈಯ ತುರಿಕೆ ತೀರಿರುತ್ತಿರಲಿಲ್ಲ. ಅತ್ತೆಯೋ, ಹಗಲೆಲ್ಲ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ಸ್ವೆಟರ್ ಹೆಣೆಯುವ ಸಾಧುಪ್ರಾಣಿ. ಸಂಜೆಯಾದರೆ ಅದೇ ಕನ್ನಡಕದೊಳಗಿಂದ ಗುರಿಯಿಟ್ಟು, ಫರ್ಲಾಂಗು ದೂರದ ಮನುಷ್ಯನ ಎರಡು ಹುಬ್ಬಿನ ನಡುವೆ ಗುಂಡಿ ಹೊಲಿದಷ್ಟು ಅಚ್ಚುಕಟ್ಟಾಗಿ ಗುಂಡು ಕೂರಿಸುತ್ತಿದ್ದರು. ಇಂಥ ಇಬ್ಬರು ವೀರವನಿತೆಯರ ನಡುವೆ ಕಾಲಾಳಾಗಿ ಸಿಕ್ಕಿಕೊಂಡವನು ಶುಂಠಿಕಿವಿ.

ಹಗಲು ಹೊತ್ತಿನಲ್ಲಿ ಹೆಂಡತಿ ಅವನನ್ನು 'ರೀ' ಅನ್ನುತ್ತಿದ್ದಳು, 'ನೀವು' ಅನ್ನುತ್ತಿದ್ದಳು. ತಲೆಗೆ ಹೆಡ್‌ಸೆಟ್ ಏರಿತೋ, ಬಹುವಚನ ಬಿದ್ದುಹೋಗುತ್ತಿತ್ತು. ಮರ್ಯಾದೆ ಕೊಡುವಷ್ಟರಲ್ಲಿ ಎರಡು ಗುಂಡು ಬಿದ್ದಿರುತ್ತವೆ ಎಂಬುದು ಅವಳ ವಾದ. ಅವನಿಗೆ ಅದು ಇಷ್ಟವೇ ಆಗಿತ್ತು. ದಿನವಿಡೀ ಗ್ಯಾರೇಜಿನಲ್ಲಿ ಅವನ ಕಿವಿಗೆ ಬೀಳುವುದು ತಗಡು ಬಡಿಯುವ ಸದ್ದು, ಅವಳ ಕಿವಿಗೆ ಬೀಳುವುದು ಕೋಳಿಗಳ ಅರಚಾಟ. ಊಟಕ್ಕೆ ಕೂತರೆ ಇಬ್ಬರಿಗೂ ಮಾತಿನ ತ್ರಾಣ ಉಳಿದಿರುತ್ತಿರಲಿಲ್ಲ. ಅವಳ ದನಿ, ಉಸಿರು, ನಗು ಅವನಿಗೆ ಹತ್ತಿರದಿಂದ ಕೇಳುತ್ತಿದ್ದುದು ಸಂಜೆಯ ಆ ಕೊಲೆಗಡುಕ ಹೊತ್ತಿನಲ್ಲಿ ಮಾತ್ರ. "ಏಯ್, ಎಡಕ್ಕೆ ನೋಡೋ" ಎಂದು ಅವಳು ಕಿವಿಯೊಳಗೇ ಪಿಸುಗುಟ್ಟಿದರೆ, ಮದುವೆಯಾದ ಹೊಸತು ನೆನಪಾಗುತ್ತಿತ್ತು.

ಕಷ್ಟವಿದ್ದದ್ದೇ ಆ ಎಡದಲ್ಲಿ. ಅವನು ಹರೆಯದಲ್ಲಿ ಕುಸ್ತಿ ಆಡಿದವನು. ವರ್ಷಗಟ್ಟಲೆ ಬೇರೆಯವರ ಕಂಕುಳಲ್ಲಿ ತಲೆ ಸಿಕ್ಕಿಸಿಕೊಂಡು, ಕಿವಿಗಳನ್ನು ಮಣ್ಣಿಗೆ ಉಜ್ಜಿಸಿಕೊಂಡು, ಎರಡೂ ಕಿವಿ ಹಸಿಶುಂಠಿಯ ಗಡ್ಡೆಯಂತೆ ಗಂಟುಗಂಟಾಗಿದ್ದವು. ಹೆಸರು ಬಂದದ್ದು ಅಲ್ಲಿಂದ. ಎಡಗಿವಿಯ ಮೇಲ್ತುದಿಯಲ್ಲಿ ಒಂದು ಗಂಟು ಮಾತ್ರ ಮುಟ್ಟಿದರೆ ಮುನಿಯುವಂಥದ್ದು. ಅವನ ಹಳೆಯ ಹೆಡ್‌ಸೆಟ್ ಸರಿಯಾಗಿ ಅದರ ಮೇಲೇ ಕೂರುತ್ತಿತ್ತು. ಸ್ವಲ್ಪ ಹೊತ್ತಿಗೆ ಕಿವಿಯಲ್ಲಿ ಕುಲುಮೆ ಹೊತ್ತಿಕೊಳ್ಳುತ್ತಿತ್ತು. ಅವನು ಕಿವಿ ಮುಚ್ಚುವ ಎಡಬಟ್ಟಲನ್ನು ಮೆಲ್ಲಗೆ ಮೇಲಕ್ಕೆ ಸರಿಸುತ್ತಿದ್ದ, ಆ ಕಡೆಯ ಹೆಜ್ಜೆಸದ್ದು ತಪ್ಪಿಹೋಗುತ್ತಿತ್ತು. ಶತ್ರುಗಳಿಗೆ ಅದನ್ನು ಯಾರು ಹೇಳಿಕೊಟ್ಟಿದ್ದರೋ, ಎಲ್ಲರೂ ಎಡಗಡೆಯಿಂದಲೇ ಬರುತ್ತಿದ್ದರು.

ಹೆಂಡತಿ ಹಜಾರಕ್ಕೆ ಬಂದು ಸೊಂಟಕ್ಕೆ ಕೈಯಿಟ್ಟು ನಿಂತಳು. "ನೋಡ್ರೀ, ಭಾನುವಾರ ಫೈರ್ ಸ್ಟೇಷನ್‌ನವರ ಜೊತೆ ಫೈನಲ್. ಅವತ್ತು ಮೊದಲು ಸತ್ತವರು ತಂಡದಿಂದ ಹೊರಗೆ. ಗಂಡ ಅಂತಲೂ ನೋಡಲ್ಲ, ಯಾರು ಅಂತಲೂ ನೋಡಲ್ಲ. ಆ ಜಾಗಕ್ಕೆ ನನ್ನ ತಮ್ಮ ಬರ್ತಾನೆ."

ತಮ್ಮ ಆಗಲೇ ಬಂದು ಕುರ್ಚಿಯಲ್ಲಿ ಕೂತು ಕಡಲೆಕಾಯಿ ಬಿಡಿಸುತ್ತಿದ್ದ. ಟೈರ್ ಅಂಗಡಿ ಇಟ್ಟುಕೊಂಡಿದ್ದ ಈ ಬಾಮೈದನಿಗೆ ಟೈರಿನಂಥದೇ ತೋಳು. ಕುತ್ತಿಗೆಗೆ ತನ್ನ ಹೆಡ್‌ಸೆಟ್ಟನ್ನು ಪದಕದಂತೆ ನೇತುಹಾಕಿಕೊಂಡಿದ್ದ.

"ಬೇಜಾರಾಗ್ಬೇಡಿ ಭಾವ," ಎಂದ. "ಸಾಯೋದೂ ಒಂದು ಕಲೆ. ಎಲ್ಲರಿಗೂ ಇಷ್ಟು ಬೇಗ ಬರಲ್ಲ."

ಮರುದಿನ ಗ್ಯಾರೇಜಿಗೆ ಬೀಗ ಹಾಕಿ ಶುಂಠಿಕಿವಿ ಎಲೆಕ್ಟ್ರಾನಿಕ್ಸ್ ಅಂಗಡಿಗೆ ದಂಡೆತ್ತಿ ಹೋದ. ಅಲ್ಲಿಯ ಗೋಡೆಯ ತುಂಬ ಸೋತ ರಾಜರ ಕಿರೀಟಗಳಂತೆ ಹೆಡ್‌ಸೆಟ್ಟುಗಳು ನೇತಾಡುತ್ತಿದ್ದವು. ಬೋಳುತಲೆಯ ಅಂಗಡಿಯವನು ಸಮಾಧಾನದ ಮನುಷ್ಯ. ಮೊದಲು ಕಿವಿ ನೋಡಿದ, ಆಮೇಲೆ ಮುಖ ನೋಡಿದ.

"ವೈರ್ ಇಲ್ಲದ್ದು ಬೇಕಾ ಅಣ್ಣ?"

"ವೈರಿದ್ದದ್ದು ಬೇಡಪ್ಪ. ಹೋದ ವರ್ಷ ಸಿಟ್ಟು ಬಂದು ಎದ್ದುನಿಂತೆ, ಟಿವಿ ಹಿಂದೇನೇ ಬಂತು."

"ಹಾಗಿದ್ರೆ ಫೋನಿಗೆ ಹಾಕೋ ಬ್ಲೂಟೂತ್‌ದು ತಗೋಬೇಡಿ. ಸದ್ದು ಒಂದು ಚೂರು ತಡವಾಗಿ ಬರುತ್ತೆ. ಶತ್ರುವಿನ ಹೆಜ್ಜೆ ಕೇಳೋ ಹೊತ್ತಿಗೆ ಚೂರಿ ಇಳಿದಿರುತ್ತೆ. ಆಟದ ಪೆಟ್ಟಿಗೆಗೆ ಪುಟ್ಟ ರಿಸೀವರ್ ಚುಚ್ಚೋದು ಬರುತ್ತಲ್ಲ, ಅದು ತಗೊಳ್ಳಿ."

ಕದನ ಶುರುವಾಯಿತು. ಮೊದಲನೆಯದು ಕಿವಿಯ ಮೇಲೆ ಕೂತ ಕೂಡಲೇ ಗಂಟನ್ನು ಕಚ್ಚಿತು. ಶುಂಠಿಕಿವಿ ಅದನ್ನು ಕಿತ್ತು ಗಲ್ಲಾಪೆಟ್ಟಿಗೆಯ ಮೇಲೆ ಕುಕ್ಕಿದ. ಎರಡನೆಯದರ ತೊಗಲಿನ ಮೆತ್ತೆಯೊಳಗೆ ಕಿವಿ ಬೆಂದು ಬೆವರು ಕುತ್ತಿಗೆಗಿಳಿಯಿತು. ಬಟ್ಟೆಯ ಮೆತ್ತೆಯಿದ್ದ ಮೂರನೆಯದು ಹೂವಿನಂತೆ ಹಗುರ. ಆದರೆ ಅವನು ಪಟ್ಟು ಹಾಕುವವನಂತೆ ಬಗ್ಗಿ, ಕಾಣದ ವೈರಿಗೆ ಹಣೆಯಿಂದ ಗುದ್ದಿದಾಗ ಅದು ತಲೆ ಬಿಟ್ಟು ಹಾರಿ ಫ್ಯಾನಿಗೆ ಬಡಿಯಿತು. ಅಂಗಡಿಯೊಳಗಿದ್ದ ಉಳಿದ ಗಿರಾಕಿಗಳು ಒಬ್ಬೊಬ್ಬರಾಗಿ ಬಾಗಿಲ ಕಡೆ ಜರುಗಿದರು.

ನಾಲ್ಕನೆಯದು ಪರವಾಗಿಲ್ಲ ಅನ್ನಿಸಿತು. ಬಟ್ಟೆಯದೇ ಮೆತ್ತೆ, ತಲೆಗೆ ಭಾರವಿಲ್ಲ, ಅಲ್ಲಾಡುವುದೂ ಇಲ್ಲ. ಆದರೂ ಗಂಟಿಗೆ ಎಲ್ಲೋ ತಾಗುತ್ತಿತ್ತು.

"ಬಿಗಿ ಜಾಸ್ತಿ," ಎಂದ ಶುಂಠಿಕಿವಿ.

"ಹೊಸದಲ್ವಾ ಅಣ್ಣ. ಅದರ ಡಬ್ಬಕ್ಕೇ ಅಡ್ಡಲಾಗಿ ಹಿಗ್ಗಿಸಿ ಎರಡು ದಿನ ಬಿಡಿ. ತಾನಾಗೇ ಸಡಿಲ ಆಗುತ್ತೆ."

ಡೆಂಟ್ ತೆಗೆಯುವವನಿಗೆ ಇಂಥ ಮಾತು ಹೇಳಬಾರದಿತ್ತು. ನಜ್ಜುಗುಜ್ಜಾದ ಕಾರಿನ ಬಾಗಿಲು, ಮುದುಡಿದ ಬಾನೆಟ್ಟು, ಲಾರಿ ಮುತ್ತಿಟ್ಟ ಬಂಪರ್ರು ಎಲ್ಲವೂ ಅವನ ಕೈಯಲ್ಲಿ ಬಡಿತ ತಿಂದು ನೆಟ್ಟಗಾಗುತ್ತಿದ್ದವು. ತಾನಾಗೇ ಸರಿಹೋದ ವಸ್ತುವನ್ನು ಅವನು ಹುಟ್ಟಿದಾರಭ್ಯ ಕಂಡಿರಲಿಲ್ಲ. ಅದನ್ನು ಕೊಂಡು ಗ್ಯಾರೇಜಿಗೆ ಬಂದವನೇ ಕಾರಿನ ಚಾಸಿ ನೆಟ್ಟಗೆ ಮಾಡುವ ಜಾಕಿಯನ್ನು ಎಳೆದ. ಹೆಡ್‌ಸೆಟ್ಟಿನ ಎರಡು ಬಟ್ಟಲುಗಳ ನಡುವೆ ಅದನ್ನು ನಿಲ್ಲಿಸಿ ಹಿಡಿಯನ್ನು ಒತ್ತಿದ. ತಲೆಯ ಪಟ್ಟಿ ಹಿಗ್ಗಿತು. ಇನ್ನೊಂದು ಸಲ ಒತ್ತಿದ. ಪಟ್ಟಿ ಕಿರುಗುಟ್ಟಿತು.

"ಇನ್ನೊಂದೇ ಒಂದು ಕೂದಲೆಳೆ," ಎಂದು ಶುಂಠಿಕಿವಿ ಅದಕ್ಕೆ ಪ್ರೀತಿಯಿಂದ ಹೇಳಿ ಮತ್ತೆ ಒತ್ತಿದ.

ಅದೇ ಗಳಿಗೆಗೆ ಬಾಮೈದ ಬಾಗಿಲಲ್ಲಿ ಕಾಣಿಸಿಕೊಂಡು, "ಏನು ಭಾವ, ಭಾನುವಾರಕ್ಕೆ ಚಟ್ಟ ಕಟ್ಟೋದು ಮುಗೀ..." ಎಂದು ಬಾಯಿ ತೆರೆದಿದ್ದ. ಪಟ್ಟಿ ಛಟ್ಟೆಂದು ಮುರಿಯಿತು. ಬಲಬಟ್ಟಲು ಕವಣೆಯ ಕಲ್ಲಿನಂತೆ ಹಾರಿ ಅವನ ಹಣೆಗೆ ಬಡಿಯಿತು. ರಕ್ತ ಹುಬ್ಬಿಗಿಳಿಯಿತು. ಅವನು ಬೆರಳಿಂದ ಒರೆಸಿ ನೋಡಿಕೊಂಡ. ನಿಜವಾದದ್ದೇ.

"ಹೊಡೀತೀರಾ?" ಅವನ ದನಿ ಒಡೆಯಿತು. "ಜಾಗ ಹೋಗುತ್ತೆ ಅಂತ ಅಕ್ಕನ ತಮ್ಮನ್ನೇ ಹೊಡೀತೀರಾ?"

"ಅಯ್ಯೋ, ಅದು ತಾನಾಗೇ..."

ಮಾತು ಮುಗಿಯಲು ಬಾಮೈದ ಬಿಡಲಿಲ್ಲ. ಗೂಳಿಯಂತೆ ನುಗ್ಗಿದ. ಇಬ್ಬರೂ ಬಂಪರುಗಳ ರಾಶಿಯ ಮೇಲೆ ಬಿದ್ದರು. ಬಂಪರುಗಳು ಬಣ್ಣದ ಡಬ್ಬಗಳ ಮೇಲೆ, ಡಬ್ಬಗಳು ಇಬ್ಬರ ಮೇಲೆ ಬಿದ್ದವು. ಬಾಮೈದನ ಮುಷ್ಟಿ ಭಾವನ ಮೂಗಿಗೆ ಬಿತ್ತು, ಭಾವನ ಮೊಣಕೈ ಬಾಮೈದನ ಪಕ್ಕೆಗೆ ಬಿತ್ತು. ಒಬ್ಬನ ಅಂಗಿ ಹೆಗಲಿನಿಂದ ಹರಿಯಿತು, ಇನ್ನೊಬ್ಬನ ಹಲ್ಲೊಂದು ಅಲ್ಲಾಡಿತು. ಬಣ್ಣ ಮುಗಿಸಿ ಒಣಗಲು ನಿಲ್ಲಿಸಿದ್ದ ಬಿಳಿ ಕಾರಿನ ಮೇಲೆ ಎರಡು ಕೆಂಪು ಅಂಗೈಗಳು ಮೂಡಿದವು. ಕೊನೆಗೆ ಬಾಮೈದ ಹಿಂದಿನಿಂದ ಬಂದು, ಆ ಟೈರಿನಂಥ ತೋಳನ್ನು ಸುತ್ತಿ, ಭಾವನ ತಲೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಹಿಂಡತೊಡಗಿದ.

ಶುಂಠಿಕಿವಿ ಒದ್ದಾಡಲಿಲ್ಲ. ಮೂಗಿನಿಂದ ರಕ್ತ ಇಳಿಯುತ್ತಿತ್ತು, ಕಣ್ಣು ಮೇಲೆ ಸಿಕ್ಕಿಕೊಂಡಿದ್ದವು, ಮುಖದಲ್ಲಿ ಮಾತ್ರ ವಿಚಿತ್ರವಾದ ಶಾಂತಿ. ತಲೆ ಇಕ್ಕಳದಲ್ಲಿದೆ, ಬುರುಡೆ ಬಿರಿಯುವಂತಿದೆ. ಆದರೆ ಕಿವಿ? ಎಡಗಿವಿ ಬಾಮೈದನ ಮೊಣಕೈಯ ಒಳಮಡಿಕೆಯ ಗುಳಿಯಲ್ಲಿ ಕೂತಿತ್ತು. ಸುತ್ತ ಎಲ್ಲ ಬಿಗಿ, ಗಂಟಿಗೆ ಮಾತ್ರ ಏನೂ ತಾಗುತ್ತಿಲ್ಲ. ಒಂದು ಚೂರೂ ನೋವಿಲ್ಲ!

"ಬಿಡಬೇಡ್ವೋ!" ಎಂದು ಕಿರುಚಿದ. "ಇನ್ನೂ ಬಿಗಿಯಾಗಿ ಹಿಡಿ! ಹಿಂಡು!"

ಬಾಮೈದ ಹೆದರಿ ಸಡಿಲಿಸಿದ. "ಭಾವ? ತಲೆಗೇನಾದ್ರೂ..."

"ಹಿಂಡು ಅಂದ್ರೆ ಹಿಂಡೋ ಹೇಡಿ! ಟೈರ್ ಮಾರೋನೆ!"

ಬಾಮೈದ ಇದ್ದ ಬಲವನ್ನೆಲ್ಲ ಹಾಕಿ ಹಿಂಡಿದ. ಶುಂಠಿಕಿವಿ ಕಣ್ಣು ಮುಚ್ಚಿ, "ಆಹಾ, ಬಿಗಿ ಅಲ್ಲ, ಬಿಗಿ ಅಲ್ಲವೇ ಅಲ್ಲ, ಆಳ!" ಎಂದು ನರಳಿದ. ಬಾಮೈದನಿಗೆ ಇದು ತನ್ನ ಕೈಮೀರಿದ ಕಾಯಿಲೆ ಅನ್ನಿಸಿತು. ಭಾವನನ್ನು ಮೆಲ್ಲಗೆ ನೆಲಕ್ಕಿಳಿಸಿ, ಹಣೆ ಒತ್ತಿಕೊಂಡು ಓಡಿಹೋದ.

ಶನಿವಾರ ಬೋಳುತಲೆಯವನು ಅಂಗಡಿ ತೆರೆದಾಗ ಮೂಗಿಗೆ ಹತ್ತಿ ತುರುಕಿಕೊಂಡ ಗಿರಾಕಿ ಮೆಟ್ಟಿಲ ಮೇಲೇ ಕೂತಿದ್ದ.

"ಬಟ್ಟಲು ಆಳ ಇರೋದು ಯಾವುದು?" ಎಂದ. "ಬಿಗಿ ಎಷ್ಟಾದ್ರೂ ಇರಲಿ. ಕಿವಿ ಒಳಗೆ ಏನೂ ಮುಟ್ಟಬಾರದು."

ಅಂಗಡಿಯವನು ಮೇಲಿನ ಅಟ್ಟದಿಂದ ಧೂಳು ಹಿಡಿದ ಡಬ್ಬವೊಂದನ್ನು ಇಳಿಸಿದ. "ಆಳ ಅಂದ್ರೆ ಇದೇ ಅಣ್ಣ, ಬಾವಿ ಇದ್ದಂಗಿದೆ. ಆದ್ರೆ ಬೇಡ. ತಲೆ ಹಿಂಡಿ ಹಿಪ್ಪೆ ಮಾಡುತ್ತೆ. ತಗೊಂಡೋರೆಲ್ಲ ಬೈದು ವಾಪಸ್ ಕೊಟ್ರು."

ಶುಂಠಿಕಿವಿ ಹಾಕಿಕೊಂಡ. ಬಟ್ಟೆಯ ದಪ್ಪ ಮೆತ್ತೆ ಕಿವಿಯ ಸುತ್ತ ಕೂತಿತು, ಪಟ್ಟಿ ಬುರುಡೆಯನ್ನು ಕಬ್ಬಿಣದ ಹಿಡಿತದಲ್ಲಿ ಹಿಡಿಯಿತು, ಒಳಗೆ ಶುಂಠಿ ಗಡ್ಡೆ ನಿರಾಳವಾಗಿ ಕಾಲು ಚಾಚಿತು. ಅವನ ಕಣ್ಣು ಒದ್ದೆಯಾಯಿತು. "ನಮ್ಮ ಕುಸ್ತಿ ಉಸ್ತಾದರ ಕಂಕುಳು ಹೀಗೇ ಇತ್ತು," ಎಂದ. ಅಂಗಡಿಯವನು ರಸೀದಿ ಬರೆದ.

ಭಾನುವಾರ ಮಧ್ಯಾಹ್ನ ಫೈರ್ ಸ್ಟೇಷನ್ನಿನ ಮೂವರು ಅದೇ ಹಾಳು ಆಸ್ಪತ್ರೆಗೆ ಇಳಿದರು. ಮೂವರೂ ಮೆಟ್ಟಿಲು ಹತ್ತುವುದರಲ್ಲಿ ಪಳಗಿದವರು. ನೀರಿನ ಟ್ಯಾಂಕನ್ನು ಈ ಸಲ ಅತ್ತೆಯೇ ಹಿಡಿದಿದ್ದರು. ಬಾಮೈದ ಹಣೆಗೆ ಪಟ್ಟಿ ಕಟ್ಟಿಕೊಂಡು, ಹೆಡ್‌ಸೆಟ್ ಸಿದ್ಧವಾಗಿಟ್ಟುಕೊಂಡು, ಶುಂಠಿಕಿವಿಯ ಪಕ್ಕದಲ್ಲೇ ಕೂತಿದ್ದ, ಹೆಣ ಬೀಳುವುದನ್ನು ಕಾಯುವ ಹದ್ದಿನಂತೆ.

ಶುಂಠಿಕಿವಿಗೆ ಈಗ ಎಲ್ಲವೂ ಕೇಳುತ್ತಿತ್ತು. ಗಾಜಿನ ಚೂರು ತುಳಿದ ಬೂಟು, ಮೇಲಿನ ಮಹಡಿಯಲ್ಲಿ ಬಂದೂಕಿಗೆ ಗುಂಡು ತುಂಬಿದ ಕಟಕ್ಕು, ಹೆಂಡತಿ ಎಂಜಲು ನುಂಗಿದ್ದು.

"ಏಯ್, ಎಡಕ್ಕೆ..." ಎಂದು ಅವಳು ಶುರುಮಾಡುವಷ್ಟರಲ್ಲಿ ಅವನು ತಿರುಗಿಯಾಗಿತ್ತು. ಚೂರಿ ಹಿಡಿದು ಬಂದವನ ಎದೆಗೆ ಗುಂಡಿನ ಮಳೆ ಬಿತ್ತು. ಆ ಹೆಣ ಮೆಟ್ಟಿಲ ಮೇಲೆ ಉರುಳುವ ಮೊದಲೇ ಎರಡನೆಯವನನ್ನು ಕಿಟಕಿಯಿಂದಾಚೆ ಒದ್ದ.

"ಕೇಳಿಸ್ತೇನೇ?" ಎಂದ.

"ಕೇಳಿಸ್ತು ಕಣೋ!" ಅವಳ ನಗು ಕಿವಿಯ ತುಂಬ ಸುರಿಯಿತು.

ಅಷ್ಟರಲ್ಲಿ ನೀರಿನ ಟ್ಯಾಂಕಿನ ಮೇಲೆ ಸಿಡಿಲಿನಂಥ ಸದ್ದಾಯಿತು. ಮೂರನೆಯ ಫೈರ್‌ಮನ್ ಅಲ್ಲಿಗೆ ಗ್ರೆನೇಡ್ ಎಸೆದಿದ್ದ. ಹಿಂದಿನ ಕೋಣೆಯಿಂದ, ಆ ಮನೆಯಲ್ಲಿ ಅದುವರೆಗೆ ಯಾರೂ ಕೇಳಿರದಂಥ ಬೈಗುಳವೊಂದು ಹೊರಬಿತ್ತು.

ತಂಡದಲ್ಲಿ ಮೊದಲು ಸತ್ತವರು ಅತ್ತೆ.

ಆ ಗ್ರೆನೇಡಿನ ಒಡೆಯನನ್ನು ಗಂಡಹೆಂಡತಿ ಸೇರಿ ಅಟ್ಟಾಡಿಸಿ, ಶವಾಗಾರದ ಮೂಲೆಗೆ ಒತ್ತಿ, ಒಂದೊಂದು ಕಡೆಯಿಂದ ಒಬ್ಬೊಬ್ಬರು ಜರಡಿ ಮಾಡಿ ಕಳಿಸಿದರು. ಫೈನಲ್ ಗೆದ್ದಾಗಿತ್ತು. ಆದರೆ ಮಾತು ಮಾತೇ. ಬಾಮೈದ ಎದ್ದು ಅಂಗಿ ಕೊಡವಿಕೊಂಡ. ಹಿಂದಿನ ಕೋಣೆಯ ಬಾಗಿಲಿಗೆ ಹೋಗಿ ಗಂಟಲು ಸರಿಮಾಡಿಕೊಂಡ.

"ಅಮ್ಮಾ, ಬೇಜಾರಾಗ್ಬೇಡ. ಅಕ್ಕಂದೇ ರೂಲ್ಸು. ಇನ್ಮೇಲೆ ನಿನ್ನ ಜಾಗಕ್ಕೆ ನಾನು..."

"ಯಾರ ಜಾಗಕ್ಕೋ?" ಎಂದರು ಅತ್ತೆ ಮೆತ್ತಗೆ. "ಬಾ ಮಗನೇ, ಒಳಗೆ ಬಾ. ಬಾಗಿಲು ಹಾಕ್ಕೋ."

ಮೊದಲು ಉಲ್ಲನ್ ಉಂಡೆಗಳ ಬುಟ್ಟಿ ಗೋಡೆಗೆ ಬಡಿದ ಸದ್ದಾಯಿತು. ಆಮೇಲೆ ಕುರ್ಚಿ. "ಅಮ್ಮಾ, ಸೂಜಿ ಬೇಡಮ್ಮಾ! ಹೆಣಿಗೆ ಸೂಜಿ ಬೇಡ!" ಎಂದು ಟೈರ್ ಅಂಗಡಿಯ ಸಾಹುಕಾರ ಚೀರತೊಡಗಿದ. ಏನೋ ಒಡೆಯಿತು. ಇನ್ನೇನೋ ಒಡೆಯಿತು.

ಶುಂಠಿಕಿವಿ ಎರಡೂ ಬಟ್ಟಲುಗಳನ್ನು ಅಂಗೈಯಿಂದ ಒತ್ತಿಕೊಂಡ. ಬಾವಿಯಷ್ಟು ಆಳದ ಆ ಮೌನದೊಳಗೆ ಮಲಗುವ ಕೋಣೆಯ ಹೆಂಡತಿಯ ದನಿಯೊಂದೇ ಇತ್ತು.

"ಅಮ್ಮ ಅವನನ್ನ ಕೊಂದೇಬಿಡ್ತಾಳೆ ಅನ್ಸುತ್ತೆ. ಬಿಡಿಸೋಣ್ವಾ?"

"ಇನ್ನೊಂದು ಆಟ ಮುಗಿಸಿ ಬಿಡಿಸೋಣ," ಎಂದ ಶುಂಠಿಕಿವಿ.

"ಸರಿ ಕಣೋ," ಎಂದಳು ದಳಪತಿ. "ಎಡಕ್ಕೆ ನೋಡ್ಕೋ."