ತುಳಸಿ ಬುಡದ ನೇರಳೆ ಪುಡಿ

ಸುವರ್ಣಕ್ಕ, ಆ ಪುಡಿಯಲ್ಲಿದ್ದ ಜೀವಾಣುಗಳು ಸತ್ತಿರಲಿಲ್ಲ. ನಾನು ನಿಮಗೆ ಸುಳ್ಳು ಹೇಳಿದ್ದೆ.

ನಮ್ಮ ರಂಗೋಲಿ ಪ್ರದರ್ಶನಕ್ಕೆ ಎರಡೇ ದಿನ ಉಳಿದಿತ್ತು. ಪುಣೆಯ ನಮ್ಮ ಪ್ರಯೋಗಾಲಯದಲ್ಲಿ ನಾನು ಜೀವಾಣುಗಳ ಗುಣ ಬದಲಿಸಿ ಬಣ್ಣ ಬೆಳೆಸುತ್ತಿದ್ದೆ. ಆ ಬಣ್ಣ ಬೆರೆಸಿದ ಪುಡಿಯಲ್ಲಿ ನೀವು ರಂಗೋಲಿ ಹಾಕುತ್ತಿದ್ದಿರಿ. ಪತ್ರಿಕೆಯಲ್ಲಿ ನಮ್ಮಿಬ್ಬರ ಫೋಟೊ ಬಂದು ನಾನು ಉಬ್ಬಿಹೋಗಿದ್ದೆ. ಪುಡಿಯನ್ನು ಹಬೆಯಲ್ಲಿಟ್ಟು, ಜೀವಾಣುಗಳನ್ನು ಕೊಂದೇ ಹೊರಗೆ ಕೊಡಬೇಕು. ಆದರೆ ಬಿಸಿ ತಾಗಿದರೆ ನೇರಳೆ ಮಸುಕಾಗುತ್ತಿತ್ತು. ಬಣ್ಣದ ಆಸೆಗೆ — ಇಲ್ಲ, ಹೆಸರಿನ ಆಸೆಗೆ — ಹಾಗೆಯೇ ಕೊಟ್ಟುಬಿಟ್ಟೆ.

"ಸರ, ಇದು ಸತ್ತದಲ್ರಿ? ಮನ್ಯಾಗ ಸಣ್ಣ ಹುಡುಗಿ ಅದಾಳ" ಎಂದಿರಿ.

"ಸತ್ತದ ತಗೋರಿ. ಸುಮ್ನ ಯಾಕ ಹೆದರ್ತೀರಿ?" ಎಂದೆ.

ಪ್ರದರ್ಶನ ಮುಗಿದ ಮೇಲೆ ಉಳಿದ ಪುಡಿ ಯಾರ ಕಾಲಿಗೂ ತಾಗಬಾರದೆಂದು ನೀವು ಮನೆಯ ತುಳಸಿ ಬುಡಕ್ಕೆ ಸುರಿದಿರಿ. ಅದೇ ತುಳಸಿಯ ಎಲೆ ದಿನಾ ಮುಂಜಾನೆ ಏಳು ವರ್ಷದ ನಿಮ್ಮ ಮಗಳು ಪಲ್ಲವಿಯ ಬಾಯಿಗೆ. ನಗುತ್ತಾ ನೀವೇ ಹೇಳಿದಾಗಲೂ ಆ ಎಲೆ ಕೊಡಬೇಡಿ ಎನ್ನಲಿಲ್ಲ.

ಎರಡು ವಾರಕ್ಕೆ ಅವಳಿಗೆ ಜ್ವರ. ಮಾಮೂಲಿ ಔಷಧಿ ಹತ್ತಲಿಲ್ಲ. ಜೀವಾಣುಗಳಿಗೆ ಬಣ್ಣ ಕೂಡಿಸುವಾಗ ಔಷಧಿಗೆ ಬಗ್ಗದ ಗುಣವನ್ನೂ ಕೂಡಿಸಿರುತ್ತೇವೆ — ಅದು ನನಗಲ್ಲದೆ ಆಸ್ಪತ್ರೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮಗು ಏನಾದರೂ ಹೊಸದನ್ನು ಮುಟ್ಟಿದೆಯೆ ಎಂದು ವೈದ್ಯರು ಕೇಳಿದರು. ನಿಮ್ಮ ಜೊತೆಗೆಂದು ಬಂದಿದ್ದ ಕುಂಬಳಕಾಯಿ ಕಳ್ಳ ನಾನು, ಗೋಡೆಗೆ ಒರಗಿ ನಿಂತಿದ್ದೆ.

"ಸರ, ಆ ರಂಗೋಲಿ...?" ಎಂದು ನೀವು ನನ್ನತ್ತ ತಿರುಗಿದಿರಿ.

"ಅದಕ್ಕೂ ಇದಕ್ಕೂ ಏನೂ ಸಂಬಂಧ ಇಲ್ರಿ."

ಯಾವ ಔಷಧಿ ಹತ್ತುತ್ತದೆಂದು ತಿಳಿಯದೆ ವೈದ್ಯರು ಕೊನೆಗೆ ಕಟುವಾದ ಇಂಜೆಕ್ಷನ್ ಕೊಟ್ಟರು. ಜೀವ ಉಳಿಯಿತು. ಆ ಇಂಜೆಕ್ಷನ್ನಿಗೆ ಎರಡೂ ಕಿವಿ ಹೋದವು.

ನನ್ನ ಜೀವಾಣುವೇ ಕಾರಣವೆಂದು ಖಚಿತವಿಲ್ಲ — ನೋಡಿ, ಇಲ್ಲೂ ನುಣುಚಿಕೊಳ್ಳುತ್ತಿದ್ದೇನೆ! ತುಳಸಿ ಬುಡದ ಒಂದು ಹಿಡಿ ಮಣ್ಣು ಪರೀಕ್ಷಿಸಿದ್ದರೆ ತಿಳಿಯುತ್ತಿತ್ತು. ತಿಳಿಯಬಾರದೆಂದೇ ಬಿಟ್ಟೆ.

ಈಗಲೂ ಹಬ್ಬಕ್ಕೆ ಕರೆಯುತ್ತೀರಿ. "ಆಗ ನೀವು ಇದ್ರಿ ಅಂತ ಭಾಳ ಧೈರ್ಯ ಬಂತ್ರಿ" ಎನ್ನುತ್ತಾ ಹೋಳಿಗೆ ಬಡಿಸುತ್ತೀರಿ. ಅದನ್ನು ತಿಂದು ಬರುತ್ತೇನೆ, ಅಕ್ಕ. ನಾಚಿಕೆಯಾಗುತ್ತದೆ.

ಭಾನುವಾರ ಬರುತ್ತೇನೆ. ನಿಮಗೆ ಈ ಕಾಗದ ಸಾಕು; ಪಲ್ಲವಿಗೆ ಸಾಲದು. ಎದುರಿನವರ ತುಟಿ ನೋಡಿ ಅವಳು ಮಾತು ತಿಳಿಯುತ್ತಾಳಲ್ಲ — ಅವಳ ಮುಂದೆ ಬೆಳಕಿನಲ್ಲಿ ಕೂತು, ಮುಖ ತಿರುಗಿಸದೆ, ನಿಧಾನವಾಗಿ ಹೇಳುತ್ತೇನೆ.